ಕೊಟ್ಟಿಗೇಲಿ ನಿಂತಿರೋ ಝೆನ್‌ಗೆ 1.6 ಇಂಜಿನ್ ಹಾಕಿ ಟ್ರ್ಯಾಕ್ ಕಾರ್ ಮಾಡ್ಬಹುದಾ, 3 ಲಕ್ಷ ಸಾಕಾ?

ಪ್ರಶ್ನೆ: ಅಣ್ಣಾ ನಮಸ್ಕಾರ. ತೀರ್ಥಹಳ್ಳಿ ಹತ್ರ ಒಂದು ಹಳ್ಳಿ ನಮ್ದು, ವಯಸ್ಸು 26, ಅಡಿಕೆ ತೋಟ ನೋಡ್ಕೊಂಡಿದೀನಿ. ಅಪ್ಪಂದು 2004ರ ಮಾರುತಿ ಝೆನ್ ಎಲ್‌ಎಕ್ಸ್‌ಐ ಇದೆ, 2024ರಲ್ಲಿ ಎಫ್‌ಸಿ ಮುಗಿದ ಮೇಲೆ ಕೊಟ್ಟಿಗೇಲೇ ನಿಂತಿದೆ. ಇದಕ್ಕೆ ಹಳೇ ಬಲೆನೋದ 1.6 ಇಂಜಿನ್ನೋ ಇಲ್ಲ ಹಳೇ ಹೋಂಡಾ ಸಿಟಿ ವಿಟೆಕ್ ಇಂಜಿನ್ನೋ ಕೂರಿಸಿ ಟ್ರ್ಯಾಕ್ ಕಾರ್ ಮಾಡ್ಬೇಕು ಅಂತ ಆಸೆ. ಬೆಂಗಳೂರು ಗುಜರೀಲಿ 40 ಸಾವಿರಕ್ಕೆ ಇಂಜಿನ್ ಸಿಗುತ್ತೆ ಅಂತ ಫ್ರೆಂಡ್ ಹೇಳ್ದ. ನನ್ನ ಹತ್ರ 3 ಲಕ್ಷ ಇದೆ, ವೆಲ್ಡಿಂಗ್ ಮಾಡೋಕೆ ಬರುತ್ತೆ, ಮನೇಲೇ ಮಾಡೋ ಪ್ಲಾನು. ಆವಾಗಾವಾಗ ಆಗುಂಬೆ ಘಾಟಿಗೆ ಒಂದು ರೌಂಡು, ವರ್ಷಕ್ಕೆ ನಾಲ್ಕೈದು ಸಲ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕು. ಆರ್‌ಟಿಓದಲ್ಲಿ ಇಂಜಿನ್ ನಂಬರ್ ಬದಲಾಯಿಸ್ಕೊಂಡ್ರೆ ಆಯ್ತಲ್ವಾ? ದೀಪಾವಳಿ ಒಳಗೆ ಮುಗಿಯುತ್ತಾ? ಅಪ್ಪ ಅಂತೂ ದುಡ್ಡು ನೀರಿಗೆ ಹಾಕ್ತೀಯ ಅಂತ ದಿನಾ ಬೈತಿದ್ದಾರೆ.

ಉತ್ತರ: ಆಗುಂಬೆ ಘಾಟಿ ಮತ್ತೆ ಕರಿ ಟ್ರ್ಯಾಕು ಎರಡನ್ನೂ ಒಂದೇ ಸಾಲಲ್ಲಿ ಬರ್ದಿದೀರಲ್ಲ ತಮ್ಮಾ, ಇಡೀ ಪ್ಲಾನು ಎಡವೋದು ಅಲ್ಲೇ. ಹಾಗಾಗಿ ಇಂಜಿನ್ ವಿಷ್ಯಕ್ಕೆ ಆಮೇಲೆ ಬರ್ತೀನಿ, ಮೊದ್ಲು ಇದನ್ನ ಮುಗಿಸೋಣ.

ನಂಬರ್ ಬದಲಾಯಿಸ್ಕೊಂಡ್ರೆ ಆಯ್ತು ಅನ್ನೋ ಮಾತು ನನ್ನ ಗ್ಯಾರೇಜಿಗೆ ಬರೋ ಅರ್ಧ ಹುಡುಗರ ಬಾಯಲ್ಲಿದೆ. ಅದು ಅರ್ಧ ಮಾತ್ರ ನಿಜ. ಇಂಜಿನ್ ಸೀಜ್ ಆಯ್ತು, ಅದೇ ಮಾಡೆಲ್ಲಿಂದು ಅದೇ ಸಿಸಿ ಇಂಜಿನ್ ಬಿಲ್ ಸಮೇತ ತಂದು, ಆರ್‌ಟಿಓ ಒಪ್ಪಿಗೆ ತಗೊಂಡು ಆರ್‌ಸೀಲಿ ಹೊಸ ನಂಬರ್ ಹಾಕಿಸ್ಕೊಂಡ್ರಿ ಅಂದ್ರೆ ಅದು ಸರಿ, ಅದಕ್ಕೆ ದಾರಿ ಇದೆ. ಆದ್ರೆ 993 ಸಿಸಿ ಅಂತ ಆರ್‌ಸೀಲಿ ಇರೋ ಗಾಡಿಗೆ 1590 ಸಿಸಿ ಕೂರಿಸಿದ್ರೆ ಅದು ಕಂಪನಿಯವರು ಮಾಡಿದ ಗಾಡಿನೇ ಅಲ್ಲ ಅಂತ ಲೆಕ್ಕ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಹೇಳೋದು ಇದನ್ನೇ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿ ಮಾಡಿ ಹೇಳ್ತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು 182ಎ ಅಂತ ಸೇರಿದೆ, ಅದರ ಪ್ರಕಾರ ಅನುಮತಿ ಇಲ್ದೆ ಗಾಡಿ ಬದಲಾಯಿಸಿದ ಓನರ್‌ಗೆ ಒಂದೊಂದು ಬದಲಾವಣೆಗೂ 5 ಸಾವಿರ ದಂಡ, ಆರು ತಿಂಗಳವರೆಗೆ ಜೈಲೂ ಆಗ್ಬಹುದು. ದಂಡ ಕಟ್ಟಿ ಬಂದ್ರಾಯ್ತು ಅಂತ ನಗೋರಿದ್ದಾರೆ, ಅವರು ಇನ್ಷೂರೆನ್ಸ್ ಮರ್ತಿರ್ತಾರೆ. ಘಾಟೀಲಿ ಯಾರಿಗಾದ್ರೂ ತಾಗಿಸ್ಕೊಂಡ್ರೆ ಸರ್ವೇಯರ್ ಬಾನೆಟ್ ಎತ್ತಿ ನೋಡ್ತಾನೆ, ಅಲ್ಲಿಗೆ ಪರಿಹಾರದ ದುಡ್ಡು ನಿಮ್ಮ ತೋಟದ ಮೇಲೆ ಬಂದು ಕೂರುತ್ತೆ.

ಘಾಟಿ ಬಗ್ಗೆ ಇನ್ನೊಂದು ಮಾತು ಹೇಳಿ ಬಿಡ್ತೀನಿ. 14 ತಿರುವು, ಸೋಮೇಶ್ವರ ಅಭಯಾರಣ್ಯ, ಮಂಜು, ಎದುರಿಗೆ ಬರೋ ಮಿನಿ ಬಸ್ಸು, ರಸ್ತೆ ಮಧ್ಯ ಮಂಗ, ಸೆಲ್ಫಿ ತೆಗೆಯೋರು. ಅಲ್ಲಿ ಸ್ಪೀಡ್ ಟೆಸ್ಟ್ ಮಾಡೋದು ಅದೇ ಕಾಯ್ದೇಲಿ ರಸ್ತೆ ರೇಸಿನ ವಿರುದ್ಧ ಇರೋ 189ನೇ ಸೆಕ್ಷನ್ನಿಗೆ ಬೇರೆ ಬರುತ್ತೆ. ಬೇಡ. ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿನ ರನ್‌ವೇ 3.2 ಕಿಮೀ ಇದೆಯಲ್ಲ, ಒಂದ್ ಭಾನುವಾರ ಕೊಡ್ತಾರಾ ಅಂತ ಒಬ್ಬ ಹುಡುಗ ಸೀರಿಯಸ್ಸಾಗೇ ಕೇಳಿದ್ದ, ಅದೂ ಇಲ್ಲ.

ಅಂದ್ರೆ ನಿಮ್ಮ ಮುಂದೆ ಇರೋದು ಎರಡು ದಾರಿ. ಇಂಜಿನ್ ಬದಲಾಯಿಸದೆ ಎಫ್‌ಸಿ ಮಾಡಿಸಿ ರಸ್ತೆ ಕಾರಾಗೇ ಇಟ್ಕೊಂಡು ಟ್ರ್ಯಾಕಿಗೂ ಹೋಗೋದು. ಇಲ್ಲ ಅಂದ್ರೆ ಇಂಜಿನ್ ಬದಲಾಯಿಸಿ, ಇನ್ನು ರಸ್ತೆಗೆ ಇಳಿಸಲ್ಲ ಅಂತ ತೀರ್ಮಾನ ಮಾಡಿ, ಲಾರಿ ಮೇಲೆ ಹೇರ್ಕೊಂಡು ಹೋಗೋದು. ಎರಡನೇದು ಮಾಡೋದಾದ್ರೆ ಆರ್‌ಸಿ ರದ್ದು ಮಾಡ್ಸೋ ವಿಚಾರ ಕೆಎ 14 ಆಫೀಸಲ್ಲಿ ಮುಂಚೇನೇ ಮಾತಾಡಿ, ಹಳೇ ಪೇಪರ್ ಎಲ್ಲ ಜೋಪಾನ ಇಡಿ, ನಾಳೆ ದಾರೀಲಿ ಪೊಲೀಸ್ ಕೇಳಿದ್ರೆ ಶೆಲ್ಲು, ಅಂದ್ರೆ ಕಾರಿನ ಬಾಡಿ, ನಿಮ್ಮದೇ ಅಂತ ತೋರ್ಸೋಕೆ ಬೇಕು.

ಈಗ ಇಂಜಿನ್.

ಬಲೆನೋ 1.6, ಜಿ16ಬಿ, 94 ಬಿಎಚ್‌ಪಿ ಚಿಲ್ರೆ. ನೀವು ಕೇಳದ ಇನ್ನೊಂದನ್ನೂ ಸೇರಿಸ್ತೀನಿ, ಮಾರುತಿ ಎಸ್ಟೀಮ್ 16 ವಾಲ್ವ್ 1.3, ಜಿ13ಬಿಬಿ, 85 ಬಿಎಚ್‌ಪಿ. ನಿಮ್ಮ ಝೆನ್ ಎಂಪಿಎಫ್‌ಐ, 60. ಪೇಪರ್ ಮೇಲೆ ನೋಡಿದ್ರೆ ಬಲೆನೋದ್ದೇ ಹಾಕೋಣ ಅನ್ಸುತ್ತೆ, ಮೂರೂ ಸುಜುಕಿ ಜಿ ಸೀರೀಸ್ಸೇ ಅಲ್ವಾ ಅಂತ. ಆದ್ರೆ ಒಂದು ವಿಷ್ಯ ನೋಡಿ. ಝೆನ್ ಇಂಜಿನ್ನಿನ ಸ್ಟ್ರೋಕ್, ಅಂದ್ರೆ ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ, 61 ಎಂಎಂ, ಎಸ್ಟೀಮ್‌ದು 75.5, ಬಲೆನೋದು 90. ಸ್ಟ್ರೋಕ್ ಉದ್ದ ಆದಂಗೆ ಬ್ಲಾಕ್ ಎತ್ತರ ಆಗುತ್ತೆ, ಝೆನ್ ಬಾನೆಟ್ ಅಡೀಲಿ ಜಾಗ ಇರೋದೇ ಅಷ್ಟು. ಇಂಜಿನ್ ಕೆಳಗೆ ಇಳಿಸಿ ಕೂರಿಸಿದ್ರೆ ಅಡೀಲಿರೋ ಆಯಿಲ್ ಚೇಂಬರ್ ನೆಲಕ್ಕೆ ಹತ್ರ, ಆಕ್ಸೆಲ್ ಕೋನ ಬದಲು, ಮೇಲೆ ಕೂರಿಸಿದ್ರೆ ಬಾನೆಟ್ ಕೊಯ್ಬೇಕು. ಇನ್ನೊಂದು, 7000 ಆರ್‌ಪಿಎಂಗೆ ಎಳೆದ್ರೆ ಬಲೆನೋ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 21 ಮೀಟರ್, ಎಸ್ಟೀಮ್‌ದು 17.6. ಹಳೇ ಗುಜರಿ ಇಂಜಿನ್ನಲ್ಲಿ ಪಿಸ್ಟನ್ ಹಿಡಿದಿರೋ ರಾಡಿನ ಬೋಲ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ, ಟ್ರ್ಯಾಕಲ್ಲಿ ಲ್ಯಾಪ್ ಲ್ಯಾಪಿಗೂ ಅದೇ ಆರ್‌ಪಿಎಂಲಿ ಇರ್ತೀರಿ. ಬಲೆನೋ ಪಾರ್ಟ್ಸೂ ಈಗ ಹುಡುಕ್ಬೇಕು.

ಹೋಂಡಾದ ಹಳೇ ಸಿಟಿ 1.5 ವಿಟೆಕ್ 106 ಬಿಎಚ್‌ಪಿ, ಒಳ್ಳೇ ಇಂಜಿನ್, ನಂಗೂ ಇಷ್ಟ. ಆದ್ರೆ ಅದು ಸುಜುಕಿಗೆ ಉಲ್ಟಾ ತಿರುಗುತ್ತೆ, ಗೇರ್‌ಬಾಕ್ಸ್ ಇರೋ ಬದಿನೂ ಉಲ್ಟಾ. ಹಾಗಾಗಿ ಹೋಂಡಾ ಗೇರ್‌ಬಾಕ್ಸ್ ಜೊತೆಗೇ ಬರ್ಬೇಕು, ಮೌಂಟಿಂಗ್ ಎಲ್ಲ ಹೊಸದಾಗಿ ಕಟ್ಬೇಕು, ಎರಡೂ ಕಡೆ ಆಕ್ಸೆಲ್ ಕಟ್ ಮಾಡಿ ಜೋಡಿಸಿ ಮಾಡಿಸ್ಬೇಕು, ಗೇರ್ ಲಿಂಕೇಜು, ಕ್ಲಚ್ಚು, ವೈರಿಂಗು, ಒಂದೂ ತಾನಾಗಿ ಕೂರಲ್ಲ. ಮಾಡಿದವರಿದ್ದಾರೆ, ಇಲ್ಲ ಅನ್ನಲ್ಲ, ಆದ್ರೆ ಅವರ ಹತ್ರ ಲೇತು, ಮಿಲ್ಲಿಂಗ್ ಮೆಷಿನ್ನು, ಹಾಳಾದ್ರೆ ಮತ್ತೆ ಮಾಡಿಸೋ ದುಡ್ಡು ಮೂರೂ ಇತ್ತು. ಸ್ವಿಫ್ಟ್ ಡೀಸೆಲ್ ಹಾಕ್ತೀನಿ ಅಂತ ಇನ್ನೊಂದಿಷ್ಟು ಜನ ಬರ್ತಾರೆ, ಟಾರ್ಕ್ ಜಾಸ್ತಿ ಅಂತ. ಆ ಇಂಜಿನ್ ಭಾರ ಝೆನ್ ಮೂತಿ ಮೇಲೆ ಬಿದ್ರೆ ತಿರುವಲ್ಲಿ ಸ್ಟೀರಿಂಗ್ ಎಷ್ಟ್ ತಿರುಗಿಸಿದ್ರೂ ಕಾರು ನೆಟ್ಟಗೇ ಹೋಗುತ್ತೆ.

ನಂಗೆ ಕೇಳಿದ್ರೆ ಝೆನ್‌ಗೆ ಎಸ್ಟೀಮಿನ 1.3 ಬಿಟ್ಟು ಬೇರೆ ಹೇಳಲ್ಲ. 760-70 ಕೆಜಿ ಕಾರಿಗೆ 85 ಬಿಎಚ್‌ಪಿ ಅಂದ್ರೆ ಟನ್ನಿಗೆ 110 ಹತ್ರ, ಸೀಟು ಕಾರ್ಪೆಟ್ ಕಿತ್ತಾಕಿದ್ರೆ ಇನ್ನೂ ಮೇಲೆ, ಕರಿಯಂಥ 2.1 ಕಿಮೀ ಚಿಕ್ಕ ಟ್ರ್ಯಾಕಿಗೆ ಹೊಸಬನಿಗೆ ಅದು ಸಾಕು ಸಾಕಾಗುತ್ತೆ. ಎಲ್‌ಜಿಬಿ ಫಾರ್ಮುಲಾ 4 ರೇಸ್ ಕಾರುಗಳಲ್ಲಿ ಇರೋದೂ ಮಾರುತಿದೇ 1.3 ಇಂಜಿನ್ನು, ಆದ್ದರಿಂದ ಕೊಯಮತ್ತೂರು ಕಡೆ ಇದನ್ನ ಬಿಚ್ಚಿ ಕಟ್ಟೋಕೆ ಗೊತ್ತಿರೋ ಕೈಗಳು ಸಿಗ್ತವೆ. ಅಂದ ಹಾಗೆ ಆ ಟ್ರ್ಯಾಕಿಗೆ ಹೆಸರು ಬಂದಿರೋದು ಎಸ್. ಕರಿವರ್ಧನ್ ಅವರಿಂದ, ಮಾರುತಿ 800 ಇಂಜಿನ್ ಇಟ್ಕೊಂಡು ಫಾರ್ಮುಲಾ ಮಾರುತಿ ಕಾರು ಕಟ್ಟಿ ನಮ್ಮ ದೇಶದ ಹುಡುಗರಿಗೆ ಕೈಗೆಟುಕೋ ರೇಸಿಂಗ್ ತಂದ ಮನುಷ್ಯ, 1995ರಲ್ಲಿ ವಿಮಾನ ಅಪಘಾತದಲ್ಲಿ ಹೋದ್ರು. ಸಣ್ಣ ಇಂಜಿನ್ ಅಂತ ಮೂಗು ಮುರಿಯೋರು ಇದನ್ನ ಒಂಚೂರು ಯೋಚ್ನೆ ಮಾಡ್ಬೇಕು.

ಇನ್ನು ನಿಮ್ಮ ಫ್ರೆಂಡ್ ಹೇಳಿದ 40 ಸಾವಿರ. ಶಿವಾಜಿನಗರದ ಕಡೆ ಹುಡುಕಿದ್ರೆ ಆ ರೇಟಿಗೆ ಇಂಜಿನ್ ಸಿಗಬಹುದು, ಅವ್ನು ಸುಳ್ಳು ಹೇಳಿಲ್ಲ. ಆದ್ರೆ ಇಂಜಿನ್ ರೇಟ್ ಕೇಳ್ಕೊಂಡು ಟ್ರ್ಯಾಕ್ ಕಾರಿನ ಬಜೆಟ್ ಹಾಕೋದು ತಾಳಿ ರೇಟ್ ಕೇಳ್ಕೊಂಡು ಮದುವೆ ಬಜೆಟ್ ಹಾಕ್ದಂಗೆ. ನನ್ನ ಲೆಕ್ಕದಲ್ಲಿ ಇಂಜಿನ್ನು, ಅದನ್ನ ಬಿಚ್ಚಿ ಸರಿ ಮಾಡಿಸೋ ಖರ್ಚು ಎರಡೂ ಸೇರಿದ್ರೂ ಒಟ್ಟು ಖರ್ಚಿನ ಐದರಲ್ಲಿ ಒಂದು ಪಾಲು ಅಷ್ಟೇ.

ಹೆಂಗೆ ಅಂತ ಹೇಳ್ತೀನಿ, ಇವೆಲ್ಲ ನಮ್ಮ ಕಡೆ ಕೆಲಸ ಮಾಡಿಸಿದ ಅನುಭವದ ಅಂದಾಜು, ಒಂದೊಂದು ಊರಲ್ಲಿ ಹೆಚ್ಚು ಕಮ್ಮಿ ಆಗುತ್ತೆ. ಬರೀ ಇಂಜಿನ್ ತರಬೇಡಿ, ಓಡ್ತಿರೋ ಹಳೇ ಎಸ್ಟೀಮ್ ಕಾರೇ ಪೂರ್ತಿ ತಗೊಳ್ಳಿ, 50ರಿಂದ 80 ಸಾವಿರ. ಯಾಕಂದ್ರೆ ಅದರ ಜೊತೆ ವೈರಿಂಗ್ ಕಿಟ್ಟು, ಇಸಿಎಂ ಅನ್ನೋ ಇಂಜಿನ್ ಕಂಪ್ಯೂಟರ್ರು, ಸೆನ್ಸರ್ರು, ರೇಡಿಯೇಟರ್ರು, ಆಕ್ಸೆಲ್ಲು, ಬ್ರೇಕು ಎಲ್ಲ ಬರುತ್ತೆ, ಇಂಜಿನ್ ಯಾರ್ದು ಅನ್ನೋದಕ್ಕೆ ಆರ್‌ಸೀನೇ ಸಾಕ್ಷಿ, ಮತ್ತೆ ತಗೊಳ್ಳೋಕೆ ಮುಂಚೆ ಓಡಿಸಿ ನೋಡ್ಬಹುದು, ಕಂಪ್ರೆಷನ್ ಚೆಕ್ ಮಾಡ್ಬಹುದು, ನಾಲ್ಕೂ ಸಿಲಿಂಡರ್ ಹತ್ರ ಹತ್ರ ಬರ್ಬೇಕು. ಗುಜರಿ ಇಂಜಿನ್ ನೆಲದ ಮೇಲೆ ಬಿದ್ದಿರುತ್ತೆ, ಅದರ ಹೊಟ್ಟೇಲಿ ಎಂತ ಇದೆ ಅಂತ ದೇವರಿಗೇ ಗೊತ್ತು, ಬಿಲ್ ಕೊಡದೇ ಇದ್ರೆ ಕದ್ದ ಮಾಲು ಕೂಡ ಆಗಿರ್ಬಹುದು. ಕೆಲವು ವರ್ಷದ ಮಾರುತಿ ಗಾಡಿಗಳಲ್ಲಿ ಐಕ್ಯಾಟ್ಸ್ ಅನ್ನೋ, ಕಳ್ಳತನ ತಡೆಯೋ ಇಮೊಬಿಲೈಜರ್ ಇತ್ತು, ಅದಿದ್ರೆ ಕೀ, ಐಕ್ಯಾಟ್ಸ್ ಬಾಕ್ಸು, ಇಸಿಎಂ ಮೂರೂ ಒಂದೇ ಗಾಡೀದು ಬೇಕು. ಇದನ್ನ ಬಿಟ್ಟು ಬಂದವರು ಇಂಜಿನ್ ಕೂತ ಮೇಲೆ ಸ್ಟಾರ್ಟ್ ಆಗ್ತಿಲ್ಲ ಅಂತ ತಲೆ ಕೆರ್ಕೋತಾರೆ.

ಅದನ್ನ ಬಿಚ್ಚಿ ರಿಂಗು, ಬೇರಿಂಗು, ಹೆಡ್ ಕೆಲಸ, ಆಯಿಲ್ ಪಂಪು, ಟೈಮಿಂಗ್ ಬೆಲ್ಟು, ಕ್ಲಚ್ಚು ಅಂತ 45ರಿಂದ 60 ಸಾವಿರ. ಮೌಂಟಿಂಗ್, ಆಕ್ಸೆಲ್ ಹೊಂದಿಸೋದು, ಸೈಲೆನ್ಸರ್, ಹೋಸ್ ಪೈಪು, ಸಣ್ಣಪುಟ್ಟ ಫ್ಯಾಬ್ರಿಕೇಷನ್ 30ರಿಂದ 40. ಸಸ್ಪೆನ್ಷನ್ನಿಗೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ರು, ಎಲ್ಲಾ ಬುಷ್ಷು ಸೇರಿ 50ರಿಂದ 80. ಬ್ರೇಕ್ 20-25. ಟೈರು ವೀಲು 45ರಿಂದ 60. ರೋಲ್ ಕೇಜು, ಅಂದ್ರೆ ಪಲ್ಟಿ ಹೊಡೆದ್ರೆ ಟಾಪ್ ಕುಸೀದಂಗೆ ಕಾರೊಳಗೆ ಕಟ್ಟೋ ಪೈಪಿನ ಪಂಜರ, 70 ಸಾವಿರದಿಂದ 1 ಲಕ್ಷ. ರೇಸಿಂಗ್ ಸೀಟು, ಬೆಲ್ಟು, ಫೈರ್ ಎಕ್ಸ್‌ಟಿಂಗ್ವಿಷರ್, ಕಟ್ ಆಫ್ ಸ್ವಿಚ್ಚು 70ರಿಂದ 90. ಹೆಲ್ಮೆಟ್ಟು, ಸೂಟು, ಶೂ, ಗ್ಲೌಸು 60ರಿಂದ 90. ಶೆಲ್ಲಿನ ಟಿಂಕರಿಂಗು ಪೇಂಟು 30ರಿಂದ 50. ಕೂಡಿ ನೋಡಿ, ಕಮ್ಮಿ ಅಂದ್ರೆ 4 ಲಕ್ಷದ 70 ಸಾವಿರ, ಜಾಸ್ತಿ ಅಂದ್ರೆ 6 ಲಕ್ಷದ 75. ಇದ್ರ ಮೇಲೆ ಕಾಲು ಭಾಗ ಅಚಾನಕ್ ಖರ್ಚಿಗೆ ಅಂತ ಎತ್ತಿಡ್ಲೇಬೇಕು, ಕೈ ತಪ್ಪಿ ಒಂದು ಬೋಲ್ಟ್ ಮುರಿದ್ರೆ, ಬಿಚ್ಚಿದಾಗ ಕ್ರ್ಯಾಂಕ್ ಗೀರಿದ್ರೆ ಅದಕ್ಕೆ ದುಡ್ಡು ಎಲ್ಲಿಂದ ಬರುತ್ತೆ ಮತ್ತೆ. ಸುಮಾರು 6ರಿಂದ 8 ಲಕ್ಷ ಅಂತ ಮನಸ್ಸಲ್ಲಿ ಇಟ್ಕೊಳ್ಳಿ. ಅದೂ ನಿಮ್ಮ ಸ್ವಂತ ದುಡಿಮೆಗೆ ಕೂಲಿ ಹಾಕ್ದೆ.

3 ಲಕ್ಷದಲ್ಲಿ ಶುರು ಮಾಡಿದ್ರೆ ಎಂತ ಆಗುತ್ತೆ ಅಂತಾನೂ ಹೇಳಿಬಿಡ್ತೀನಿ. ಇಂಜಿನ್ ಕೂರುತ್ತೆ, ಒಂದು ಸಂಜೆ ಸ್ಟಾರ್ಟೂ ಆಗುತ್ತೆ, ವಿಡಿಯೋ ಮಾಡಿ ಸ್ಟೇಟಸ್ ಹಾಕ್ತೀರಿ. ಆಮೇಲೆ ಕೇಜು, ಸೀಟು, ಬ್ರೇಕಿಗೆ ದುಡ್ಡಿಲ್ಲ, ಅಡಿಕೆ ಕೊಯ್ಲು ಬಂತು, ಮುಂದಿನ ವರ್ಷ ನೋಡೋಣ ಅಂತ ಟಾರ್ಪಾಲ್ ಮುಚ್ಚಿ ಇಡ್ತೀರಿ. ನಾನು ನೋಡಿರೋ ಅರ್ಧಕ್ಕೆ ನಿಂತ ಪ್ರಾಜೆಕ್ಟ್ ಕಾರುಗಳಲ್ಲಿ ಜಾಸ್ತಿ ನಿಂತಿರೋದು ಇಂಜಿನ್ ಕೂತ ಮೇಲೇನೇ. ಅಂಥ ಕಾರನ್ನ ಮಾರೋಕೆ ಹೋದ್ರೆ ಗುಜರಿಯವನು ಕೆಜಿ ಲೆಕ್ಕ ಹೇಳ್ತಾನೆ.

ಮನೇಲೇ ಮಾಡೋದು ಅನ್ನೋದಕ್ಕೆ ನನ್ನ ವಿರೋಧ ಇಲ್ಲ, ಬಿಚ್ಚೋದು, ತೊಳೆಯೋದು, ವೈರಿಂಗ್ ಗುರ್ತು ಹಾಕೋದು, ಬುಷ್ ಬದ್ಲಾಯಿಸೋದು, ಇಂಜಿನ್ ಇಳಿಸಿ ಏರಿಸೋದು ಎಲ್ಲ ಮನೇಲಿ ಆರಾಮಾಗಿ ಆಗುತ್ತೆ, ದುಡ್ಡೂ ಉಳಿಯುತ್ತೆ. ಆದ್ರೆ ವೆಲ್ಡಿಂಗ್ ಬರುತ್ತೆ ಅಂದ್ರಲ್ಲ, ಗೇಟು, ಟ್ರ್ಯಾಕ್ಟರ್ ಟ್ರೇಲರ್ ವೆಲ್ಡ್ ಮಾಡೋದು ಬೇರೆ, ರೋಲ್ ಕೇಜ್ ಬೇರೆ. ಕೇಜಿಗೆ ಜಿಐ ಪೈಪು, ಉದ್ದಕ್ಕೆ ಬೆಸುಗೆ ಹಾಕಿದ ಇಆರ್‌ಡಬ್ಲ್ಯೂ ಪೈಪು ಯಾವುದೂ ಆಗಲ್ಲ, ಎಫ್‌ಐಎ ಅನ್ನೋ ಅಂತರರಾಷ್ಟ್ರೀಯ ರೇಸಿಂಗ್ ಸಂಸ್ಥೆಯ ನಿಯಮದಲ್ಲಿ ಮುಖ್ಯ ಕಮಾನಿಗೆ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪು 45 ಎಂಎಂ ವ್ಯಾಸ 2.5 ಎಂಎಂ ದಪ್ಪ, ಇಲ್ಲ 50ಕ್ಕೆ 2 ಎಂಎಂ ಇರ್ಬೇಕು, ಕೇಜಿನ ಕಾಲು ಕೂರೋ ಜಾಗಕ್ಕೆ 3 ಎಂಎಂ ದಪ್ಪದ ಪ್ಲೇಟು ಬೇಕು. ಹಳ್ಳೀಲಿ ಮಳೆಗಾಲದಲ್ಲಿ ಮೆಸ್ಕಾಂ ಸಿಂಗಲ್ ಫೇಸ್ ಕರೆಂಟಿನ ವೋಲ್ಟೇಜು ನಿಮಗೇ ಗೊತ್ತಲ್ಲ, ಆ ಕರೆಂಟಲ್ಲಿ ವೆಲ್ಡ್ ಮೇಲ್ಗಡೆ ಚೆನ್ನಾಗೇ ಕಾಣುತ್ತೆ, ಒಳಗೆ ಹಿಡಿದಿರಲ್ಲ. ಕೇಜ್ ಕೆಲಸ ಮಾತ್ರ ಮಾಚೇನಹಳ್ಳಿ ಕಡೆ ಫ್ಯಾಬ್ರಿಕೇಷನ್ ಮಾಡೋ ಅನುಭವಸ್ಥರ ಹತ್ರ, ಅಥವಾ ಕೊಯಮತ್ತೂರಲ್ಲಿ ರೇಸ್ ಕಾರಿಗೇ ಮಾಡೋರ ಹತ್ರ ಮಾಡ್ಸಿ. ಕೊಟ್ಟಿಗೇಲಿ ಸಣ್ಣಪುಟ್ಟ ವೆಲ್ಡ್ ಮಾಡೋವಾಗ ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಡಿ, ಬ್ಯಾಟರಿ ಮತ್ತೆ ಇಸಿಎಂ ಕನೆಕ್ಷನ್ ಕಿತ್ತಿಡಿ, ಅಡಿಕೆ ಸಿಪ್ಪೆ ಒಣಗಿಸಿದ ರಾಶಿ ಪಕ್ಕದಲ್ಲಿದ್ರೆ ಮೊದ್ಲು ಅದನ್ನ ತೆಗ್ಸಿ. ಕಾರ್ ಹೋದ್ರೆ ಹೋಯ್ತು, ಕೊಟ್ಟಿಗೆ ಮನೆ ಎಲ್ಲ ಹೋಗ್ಬಾರ್ದು.

ಅದಕ್ಕಿಂತ ಮುಂಚೆ ಒಂದು ಸ್ಕ್ರೂಡ್ರೈವರ್ ತಗೊಂಡು ಕಾರಿನ ಅಡಿ ಮಲಗಿ. ಮಲೆನಾಡ ಕಾರು, 20 ವರ್ಷ ಮಳೆ ತಿಂದಿದೆ, ಮೇಲೆ ಕೊಟ್ಟಿಗೆ ತೇವ, ಪಕ್ಕದಲ್ಲಿ ದನ ಇದ್ರಂತೂ ಮುಗೀತು. ಫ್ಲೋರು, ಬಾಗಿಲ ಕೆಳಗಿನ ಸಿಲ್ಲು, ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರೋ ಜಾಗ, ಹಿಂದಿನ ಆಕ್ಸೆಲ್ ಹಿಡಿದಿರೋ ಜಾಗ, ಇಷ್ಟನ್ನ ಗಟ್ಟಿಯಾಗಿ ಚುಚ್ಚಿ ನೋಡಿ. ತೂತು ಬಿತ್ತು ಅಂದ್ರೆ ಆ ಶೆಲ್ಲಿಗೆ ಕೇಜ್ ಹಾಕಿ ಪ್ರಯೋಜನ ಇಲ್ಲ, ಕೇಜಿನ ಕಾಲು ತುಕ್ಕಿನ ಮೇಲೆ ನಿಂತಿದ್ರೆ ಪಲ್ಟಿ ಹೊಡೆದಾಗ ಅದೇ ಫ್ಲೋರ್ ಸೀಳ್ಕೊಂಡು ಕೆಳಗೆ ಬರುತ್ತೆ. ಅಂಥ ಪರಿಸ್ಥಿತೀಲಿ ಬಯಲುಸೀಮೆ ಕಡೆಯಿಂದ, ಚಿತ್ರದುರ್ಗ ದಾವಣಗೆರೆ ಕಡೆ ಓಡಿದ ಒಣ ಝೆನ್ ಹುಡುಕೋದು ಅಗ್ಗ. ಅಪ್ಪನ ಕಾರು ಅನ್ನೋ ಪ್ರೀತಿ ಅರ್ಥ ಆಗುತ್ತೆ, ಆದ್ರೂ.

ಟ್ರ್ಯಾಕಲ್ಲಿ ಕಾರು ಹಾಳಾಗೋದು ಜನ ಅಂದ್ಕೊಂಡಂಗೆ ಸ್ಪೀಡಿಂದ ಅಲ್ಲ, ಬಿಸಿಯಿಂದ ಮತ್ತೆ ಆಯಿಲ್ ಸಿಗದೆ. ರಸ್ತೇಲಿ ತಿರುವು ಎರಡು ಸೆಕೆಂಡು, ಟ್ರ್ಯಾಕಲ್ಲಿ ಒಂದೇ ಕಡೆ ವಾಲ್ಕೊಂಡು ಐದಾರು ಸೆಕೆಂಡು ಹೋಗ್ತಿರ್ತೀರಿ, ಆಗ ಚೇಂಬರಲ್ಲಿರೋ ಆಯಿಲ್ಲೆಲ್ಲ ಒಂದು ಪಕ್ಕಕ್ಕೆ ಸರಿದು ಪಂಪಿನ ಬಾಯಿ ಗಾಳಿ ಎಳೆಯುತ್ತೆ. ಅಷ್ಟೇ ಸಾಕು, ಬಿಗ್ ಎಂಡ್ ಬೇರಿಂಗ್ ಹೋಗುತ್ತೆ, ಟಕ ಟಕ ಸೌಂಡು ಶುರು. ಚೇಂಬರ್ ಒಳಗೆ ಅಡ್ಡ ತಗಡು ವೆಲ್ಡ್ ಮಾಡಿಸೋಕೆ ಮೂರು ನಾಲ್ಕು ಸಾವಿರ, ಅದನ್ನ ಬಿಟ್ಟು ಎಷ್ಟು ಇಂಜಿನ್ ಹೋಗಿದೆಯೋ. ಒಂದು ಸರಿಯಾದ ಆಯಿಲ್ ಪ್ರೆಷರ್ ಮೀಟರ್, ಒಂದು ಟೆಂಪರೇಚರ್ ಮೀಟರ್, ಇವೆರಡು ನಿಮ್ಮ ಸ್ಟೀರಿಯೋ ಇದ್ದ ಜಾಗಕ್ಕೆ.

ಬ್ರೇಕ್ ವಿಷ್ಯದಲ್ಲಿ ನಮ್ಮ ಮಲೆನಾಡಿಗೇ ಅಂತ ಒಂದು ಮಾತಿದೆ. ಬ್ರೇಕ್ ಆಯಿಲ್ ಗಾಳೀಲಿರೋ ತೇವ ಹೀರುತ್ತೆ. ಡಾಟ್ 4 ಅನ್ನೋ ದರ್ಜೆಯ ಆಯಿಲ್ ಹೊಸದಿದ್ದಾಗ ಕಮ್ಮಿ ಅಂದ್ರೆ 230 ಡಿಗ್ರಿವರೆಗೂ ಕುದಿಯಲ್ಲ, ನೀರು ಸೇರಿದ ಮೇಲೆ ಅದು 155ಕ್ಕೆ ಇಳೀಬಹುದು, ಡಾಟ್ 3 ಆದ್ರೆ 140ಕ್ಕೇ. ಕೊಟ್ಟಿಗೇಲಿ ಮಳೆಗಾಲ ಕಳೆದ ಕಾರಿನ ಆಯಿಲ್ ಇಟ್ಕೊಂಡು ಟ್ರ್ಯಾಕಿಗೆ ಹೋದ್ರೆ ನಾಲ್ಕನೇ ಲ್ಯಾಪಲ್ಲಿ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತೆ. ಪ್ರತೀ ಸಲ ಟ್ರ್ಯಾಕಿಗೆ ಹೋಗೋ ಮುಂಚೆ ಸೀಲ್ ಒಡೆಯದ ಬಾಟ್ಲಿ ತಂದು ಹೊಸದಾಗಿ ಬದ್ಲಾಯಿಸಿ, ಅರ್ಧ ಉಳಿದ ಬಾಟ್ಲಿ ಎತ್ತಿಟ್ಟು ಮತ್ತೆ ಬಳಸ್ಬೇಡಿ. ಐನೂರರಿಂದ ಸಾವಿರ ರೂಪಾಯಿ ಕೆಲಸ ಇದು.

ಮತ್ತೆ ಹೋಗಿ ಬರೋ ಖರ್ಚು, ಇದನ್ನ ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಶಿವಮೊಗ್ಗದಿಂದ ಮೈಸೂರು, ಚಾಮರಾಜನಗರ, ದಿಂಬಂ ಘಾಟಿ, ಸತ್ಯಮಂಗಲ ಮೇಲೆ ಕೊಯಮತ್ತೂರು 450 ಕಿಮೀ ಹತ್ರ, ನಿಮಗೆ ತೀರ್ಥಹಳ್ಳಿಯಿಂದ ಇನ್ನೊಂದು 60 ಸೇರುತ್ತೆ. ದಿಂಬಂ ರಾತ್ರಿ ಕ್ಲೋಸು, ಕಾಡು, 27 ಹೇರ್‌ಪಿನ್ನು, ಕಾರು ಹೇರಿದ ಲಾರಿಗೆ ಆ ಘಾಟಿ ಸುಖ ಅಲ್ಲ. ಬೆಂಗಳೂರು ಸೇಲಂ ಮೇಲೆ ಹೋದ್ರೆ ರಸ್ತೆ ಚೆನ್ನಾಗಿದೆ, ದೂರ 650 ದಾಟುತ್ತೆ. ಲಾರಿ ಬಾಡಿಗೆ, ಟ್ರ್ಯಾಕ್ ಫೀಸು, ಪೆಟ್ರೋಲು, ಒಂದು ಸೆಟ್ ಪ್ಯಾಡು, ರೂಮು, ಊಟ ಎಲ್ಲ ಸೇರಿ ಒಂದು ಸಲಕ್ಕೆ 35ರಿಂದ 50 ಸಾವಿರ ಇಟ್ಕೊಳ್ಳಿ. ವರ್ಷಕ್ಕೆ ನಾಲ್ಕೈದು ಸಲ ಅಂದ್ರಲ್ಲ, ಗುಣಿಸಿ ನೋಡಿ, ಕಾರ್ ಕಟ್ಟೋದು ಒಂದು ಸಲದ ಖರ್ಚು, ಇದು ಪ್ರತೀ ವರ್ಷ. ಚೆನ್ನೈ ಹತ್ರ ಇರುಂಗಾಟುಕೋಟೈಲಿರೋ 3.7 ಕಿಮೀ ಟ್ರ್ಯಾಕೂ ನಿಮಗೆ ಹತ್ರ ಏನಲ್ಲ.

ಹಾಗಾದ್ರೆ ನಾನಾಗಿದ್ರೆ 3 ಲಕ್ಷದಲ್ಲಿ ಎಂತ ಮಾಡ್ತಿದ್ದೆ ಅಂದ್ರೆ, ಇಂಜಿನ್ ಮುಟ್ತಿರ್ಲಿಲ್ಲ. ಶೆಲ್ ಗಟ್ಟಿ ಇದ್ರೆ ಝೆನ್ನಿಗೆ ಎಫ್‌ಸಿ ಮಾಡ್ಸಿ, 20 ವರ್ಷ ದಾಟಿದ ಕಾರಿಗೆ 2025ರಿಂದ ರಿನ್ಯೂವಲ್ ಫೀಸೇ 10 ಸಾವಿರ ಆಗಿದೆ, ಮೇಲೆ ಗ್ರೀನ್ ಟ್ಯಾಕ್ಸು, ಆದ್ರೂ ಮಾಡ್ಸಿ. ಅದೇ 1.0 ಇಂಜಿನ್ನಿಗೆ ಟೈಮಿಂಗ್ ಬೆಲ್ಟು, ವಾಟರ್ ಪಂಪು, ಹೋಸು, ರೇಡಿಯೇಟರ್ ಕ್ಲೀನು, ಬ್ರೇಕಿಗೆ ಒಳ್ಳೇ ಪ್ಯಾಡು ಹೊಸ ಆಯಿಲ್ಲು, ಶಾಕ್ ಅಬ್ಸಾರ್ಬರ್ ಮತ್ತೆ ಬುಷ್ ಕಂಪನೀದೇ ಹೊಸದು, ನಾಲ್ಕು ಒಳ್ಳೇ ಟೈರು, ಒಂದು ಸರಿಯಾದ ಹೆಲ್ಮೆಟ್ಟು. ಒಂದು ಲಕ್ಷ, ಒಂದೂಕಾಲು ಲಕ್ಷದಲ್ಲಿ ಮುಗಿಯುತ್ತೆ, ಕಾರು ರಸ್ತೆಗೂ ಕಾನೂನುಬದ್ಧ. ಕಂಪನಿಯಿಂದ ಬಂದ ಸ್ಟಾಕ್ ಸೀಟು ಸ್ಟಾಕ್ ಬೆಲ್ಟೇ ಇರ್ಲಿ. ಕೇಜ್ ಇಲ್ಲದ ಕಾರಿಗೆ ನಾಲ್ಕು ಪಾಯಿಂಟ್ ರೇಸಿಂಗ್ ಬೆಲ್ಟ್ ಹಾಕೋದು ಸೇಫ್ಟಿ ಅಂತ ತುಂಬ ಜನ ನಂಬಿದ್ದಾರೆ, ಅದು ಉಲ್ಟಾ. ಪಲ್ಟಿ ಆದಾಗ ಟಾಪ್ ಕುಸಿಯುತ್ತೆ, ಮಾಮೂಲಿ ಬೆಲ್ಟಲ್ಲಿ ಮೈ ಪಕ್ಕಕ್ಕೆ ವಾಲೋಕೆ ಜಾಗ ಇರುತ್ತೆ, ರೇಸಿಂಗ್ ಬೆಲ್ಟು ನಿಮ್ಮನ್ನ ನೆಟ್ಟಗೆ ಕೂರ್ಸಿ ಕತ್ತಿನ ಮೇಲೆ ಟಾಪ್ ಕೂರಿಸುತ್ತೆ.

ಉಳಿದ ದುಡ್ಡಲ್ಲಿ ಎರಡು ಮೂರು ಸಲ ಕರಿಗೆ ಹೋಗಿ. ಸ್ಟಾಕ್ ಕಾರ್ ಬಿಡೋ ಟ್ರ್ಯಾಕ್ ಡೇ ನೋಡ್ಕೊಂಡು ಹೋಗಿ, ನಿಯಮ ಒಬ್ಬೊಬ್ಬ ಆಯೋಜಕರದ್ದು ಒಂದೊಂದು ಥರ. 60 ಬಿಎಚ್‌ಪಿ ಕಾರಲ್ಲಿ ಬ್ರೇಕ್ ಎಲ್ಲಿ ಹಾಕ್ಬೇಕು, ತಿರುವಲ್ಲಿ ಕಾರು ಹೋಗ್ಬೇಕಾದ ಲೈನ್ ಎಲ್ಲಿ ಅನ್ನೋದು ಕಲಿತಷ್ಟು ದೊಡ್ಡ ಇಂಜಿನ್ನಲ್ಲಿ ಕಲಿಯೋಕಾಗಲ್ಲ, ಅಲ್ಲಿ ತಪ್ಪನ್ನೆಲ್ಲ ಪವರ್ ಮುಚ್ಚಾಕುತ್ತೆ. ಮುಖ್ಯ ಏನಂದ್ರೆ ಎರಡನೇ ಸಲ ಹೋಗಿ ಬರೋಷ್ಟರಲ್ಲಿ ನಿಮಗೆ ನಿಜಕ್ಕೂ ಬೇಕಿರೋದು ಓಡಿಸೋ ಖುಷಿಯಾ ಇಲ್ಲ ಕಟ್ಟೋ ಖುಷಿಯಾ ಅಂತ ಗೊತ್ತಾಗಿರುತ್ತೆ. ಎರಡೂ ತಪ್ಪಲ್ಲ. ಓಡಿಸೋ ಖುಷಿ ಅಂದ್ರೆ ಕಟ್ಟೋ ಗೋಜಿಗೇ ಹೋಗ್ಬೇಡಿ, ಯಾರೋ 7-8 ಲಕ್ಷ ಸುರಿದು ಮುಗಿಸಿದ ಎಸ್ಟೀಮೋ ಝೆನ್ನೋ ಅದರ ಅರ್ಧ ರೇಟಿಗೆ ಮಾರಾಟಕ್ಕೆ ಬರುತ್ತೆ, ಕೇಜ್ ಮತ್ತೆ ಪೇಪರ್ ನೋಡ್ಕೊಂಡು ಅದನ್ನ ತಗೊಳ್ಳಿ. ಅದಕ್ಕೂ ಅಪಾಯ ಇದೆ, ಹಳೇ ಏಟು ಪೇಂಟಿನ ಅಡಿ ಅಡಗಿರುತ್ತೆ, ಕೇಜ್ ಯಾವ ಪೈಪು ಅಂತ ಮಾರೋನಿಗೇ ಗೊತ್ತಿರಲ್ಲ, ಆದ್ದರಿಂದ ತಿಳಿದವರನ್ನ ಕರ್ಕೊಂಡ್ ಹೋಗಿ. ಕಟ್ಟೋ ಖುಷಿ ಅಂದ್ರೆ ಎರಡು ಮೂರು ವರ್ಷದ ಪ್ಲಾನ್ ಹಾಕಿ, ಪ್ರತೀ ವರ್ಷದ ಅಡಿಕೆ ದುಡ್ಡಲ್ಲಿ ಒಂದು ಭಾಗ, ಮೊದ್ಲು ಶೆಲ್ಲು ಬ್ರೇಕು ಸಸ್ಪೆನ್ಷನ್ನು, ಆಮೇಲೆ ಕೇಜು ಸೀಟು, ಕಟ್ಟಕಡೇಗೆ 1.3. ಈ ಕ್ರಮದಲ್ಲಿ ಹೋದ್ರೆ ಕೇಜ್ ಹಾಕೋವರೆಗೂ ಕಾರು ಓಡೋ ಸ್ಥಿತೀಲೇ ಇರುತ್ತೆ, ನಡುವೆ ಬೇಸರ ಬಂದ್ರೆ ಮಾರಿದ್ರೂ ಮೂರು ಕಾಸು ಬರುತ್ತೆ.

ಇನ್ನೊಂದು ದಾರಿ ಇದೆ, ಯಾಕೋ ನಮ್ಮ ಹುಡುಗ್ರು ಇದನ್ನ ಕೀಳಾಗಿ ನೋಡ್ತಾರೆ. ಮಣ್ಣು. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ನ್ಯಾಷನಲ್ ಚಾಂಪಿಯನ್‌ಶಿಪ್ ರ‍್ಯಾಲಿ ನಡೆದಿದೆ, ಆಟೋಕ್ರಾಸ್ ಅಂತ ಮಣ್ಣಿನ ಟ್ರ್ಯಾಕಿನ ಸ್ಪರ್ಧೆಗಳು ಮಲೆನಾಡಲ್ಲೇ ಆಗ್ತವೆ, 450 ಕಿಮೀ ಹೋಗೋದು ತಪ್ಪುತ್ತೆ. ನಮ್ಮ ದೇಶದ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಎಂಎಸ್‌ಸಿಐ ಕೊಡೋ ಲೈಸೆನ್ಸು, ಅದರ ಸೇಫ್ಟಿ ನಿಯಮ ನೋಡ್ಕೊಂಡು ಇಳೀಬೇಕು ಅಷ್ಟೇ. ಝೆನ್ ಹಗುರ ಕಾರು, ಮಣ್ಣಿಗೆ ಹೇಳಿ ಮಾಡ್ಸಿದ್ದು. ಆದ್ರೆ ಟಾರಿಗೆ ತಗ್ಗಿಸಿ ಗಟ್ಟಿ ಮಾಡಿದ ಸಸ್ಪೆನ್ಷನ್ನು ಮಣ್ಣಿಗೆ ಆಗಲ್ಲ, ಮಣ್ಣಿಗೆ ಎತ್ತರ ಬೇಕು, ಚೇಂಬರ್ ಅಡಿ ದಪ್ಪ ತಗಡು ಬೇಕು, ಹಾಗಾಗಿ ಸ್ಪ್ರಿಂಗ್ ತಗೊಳ್ಳೋಕೆ ಮುಂಚೆ ಮಣ್ಣೋ ಟಾರೋ ತೀರ್ಮಾನ ಮಾಡಿ.

ದೀಪಾವಳಿ ಒಳಗೆ ಅಂದ್ರಲ್ಲ. ಇಂಜಿನ್ ಮುಟ್ಟದೆ ನಾನು ಹೇಳಿದ ಮೊದಲ ಹಂತ ಆದ್ರೆ ದೀಪಾವಳಿಗೆ ಮುಗಿಯುತ್ತೆ. ಪೂರ್ತಿ ಇಂಜಿನ್ ಬದಲಾವಣೆ, ಕೇಜು ಆದ್ರೆ ಈ ದೀಪಾವಳಿಗಿರ್ಲಿ, ಮುಂದಿನ ದೀಪಾವಳಿಗೂ ಗ್ಯಾರಂಟಿ ಕೊಡಲ್ಲ. ಮಳೆಗಾಲದಲ್ಲಿ ಪೇಂಟ್ ಹೊಡ್ಸೋಕಾಗಲ್ಲ, ಬಿಚ್ಚಿಟ್ಟ ಬ್ಲಾಕಿನ ಸಿಲಿಂಡರು ವಾರದಲ್ಲಿ ತುಕ್ಕು ಹಿಡಿಯುತ್ತೆ, ಆಯಿಲ್ ಬಳಿದು ಪ್ಲಾಸ್ಟಿಕ್ ಸುತ್ತಿ ಅಟ್ಟದ ಮೇಲಿಡ್ಬೇಕು, ನವೆಂಬರಿಂದ ಜನವರಿ ಕೊಯ್ಲು ಸುಲಿತ ಅಂತ ನಿಮಗೇ ಪುರುಸೊತ್ತಿರಲ್ಲ. ಕೆಲಸಕ್ಕೆ ಸಿಗೋದು ಫೆಬ್ರವರಿಯಿಂದ ಮೇ, ನಾಲ್ಕು ತಿಂಗಳು. ಅದಕ್ಕೆ ತಕ್ಕಂಗೆ ಲೇತ್ ಕೆಲಸ, ಪೇಂಟು, ಕೇಜು ಆ ತಿಂಗಳಿಗೆ ಹಾಕ್ಕೊಳ್ಳಿ, ಮಳೇಲಿ ಗೇರ್‌ಬಾಕ್ಸು, ವೈರಿಂಗ್ ಕಿಟ್ ಬಿಡಿಸೋದು, ಸೂರಿನಡಿ ಆಗೋವಂಥದ್ದು.

ನಿಮ್ಮ ಅಪ್ಪ ಹೇಳೋದ್ರಲ್ಲೂ ಸತ್ಯ ಇದೆ, ಇದರಲ್ಲಿ ಹಾಕಿದ ದುಡ್ಡು ವಾಪಸ್ ಬರಲ್ಲ, ಲಾಭ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಅವರಿಗೆ ಕಾರು ಮತ್ತೆ ಓಡೋ ಹಂಗಾಗುತ್ತೆ, ಎಫ್‌ಸಿ ಆಗುತ್ತೆ ಅಂತ ಮೊದಲ ಹಂತ ಹೇಳಿ ನೋಡಿ, ಬೈಗುಳ ಕಮ್ಮಿ ಆಗ್ಬಹುದು.

ಸೀಟು ಬೆಲ್ಟು ಆಫರಲ್ಲಿ ಸಿಗ್ತಿದೆ ಅಂತ ಈಗ್ಲೇ ತಗೊಂಡು ಅಟ್ಟಕ್ಕೆ ಹಾಕ್ಬೇಡಿ. ಎಫ್‌ಐಎ ಮಾರ್ಕಿನ ಬೆಲ್ಟಿಗೂ ಸೀಟಿಗೂ ತಯಾರಾದ ವರ್ಷದಿಂದ ಅವಧಿ ಓಡೋಕೆ ಶುರು ಆಗುತ್ತೆ, ಕೇಜ್ ಮುಗಿಯೋಷ್ಟರಲ್ಲಿ ಅರ್ಧ ಆಯಸ್ಸು ಹೋಗಿರುತ್ತೆ, ಸ್ಪರ್ಧೆಗೆ ಹೋದಾಗ ಚೆಕಿಂಗ್‌ನಲ್ಲಿ ಅದನ್ನೇ ಮೊದ್ಲು ನೋಡ್ತಾರೆ. ಶೆಲ್ ಚುಚ್ಚಿ ನೋಡಿದ ಮೇಲೆ ಅಡಿಭಾಗದ ಫೋಟೋ ಕಳ್ಸಿ, ಸಿಲ್ಲು, ಮುಂದಿನ ಎರಡೂ ಶಾಕ್ ಜಾಗ ಬೆಳಕಿಟ್ಟು ಹತ್ರದಿಂದ ತೆಗ್ದಿದ್ದು, ಝೆನ್ ಇಟ್ಕೊಳ್ಳೋದಾ ಬೇರೆ ಹುಡುಕೋದಾ ಅಂತ ಅದನ್ನ ನೋಡಿ ಹೇಳ್ತೀನಿ.